ಹುಡುಗರಿಗೆ ಕೆಲಸದಲ್ಲಿ ಮನಸ್ಸು ಬರಿಸೋದು ಹೇಗೆ?

‘ಸಂಬಳ ಏರಿಸಿದೆ, ಆದ್ರೂ ಹುಡುಗರಿಗೆ ಕೆಲಸದಲ್ಲಿ ಮನಸ್ಸಿಲ್ಲ. ಏನು ಮಾಡೋದು?’ ಮುಂಬೈಯಲ್ಲಿ ಮಾಟುಂಗದಿಂದ ವಾಶಿವರೆಗೆ ನಮ್ಮೂರಿನವರ ಹೋಟೆಲುಗಳಲ್ಲಿ ಗಲ್ಲಾದ ಮೇಲೆ ಕೂತವರು ಕೇಳುವುದು ಇದನ್ನೇ. ಹೇಳಿ ಹೇಳಿ ಸಾಕಾಗಿದೆ, ಬರೆದಿಡುತ್ತೇನೆ.

ಮೊದಲು ಆ ‘ಹುಡುಗರು’ ಅನ್ನುವ ಮಾತು ಬಿಡಿ. ದೋಸೆ ಕಾವಲಿ ಮುಂದೆ ನಿಂತವರಿಗೆ ಐವತ್ತು ದಾಟಿದೆ, ಮಗಳ ಮದುವೆಯ ಚಿಂತೆ. ಟೇಬಲ್ ಒರೆಸುವವನಿಗೆ ಹತ್ತೊಂಬತ್ತು, ಊರು ಬಿಟ್ಟು ತಿಂಗಳಾಗಿಲ್ಲ. ಇಬ್ಬರನ್ನೂ ಒಂದೇ ಹೆಸರಲ್ಲಿ ಕರೆದರೆ ಯಾರಿಗೆ ಏನು ಬೇಕೆಂದು ತಿಳಿಯುವುದು ಹೇಗೆ?

ಸಂಬಳದ ಮಾತು ಬೇಗ ಮುಗಿಸುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ ಸುಮಾರು 200 ಎಂಜಿನಿಯರ್, ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲೇ ಹೇಳಿದ್ದಾರೆ: ಸಂಬಳ ಸರಿಯಿಲ್ಲದಿದ್ದರೆ ಅಸಮಾಧಾನ, ಸರಿಮಾಡಿದರೆ ಅದು ತಣಿಯುತ್ತದೆ, ಅಷ್ಟೇ. ಹುಮ್ಮಸ್ಸು ಹುಟ್ಟುವುದು ಮಾಡಿದ ಕೆಲಸದಿಂದ, ಅದನ್ನು ಯಾರಾದರೂ ಗುರುತಿಸಿದಾಗ. ವಾರದ ರಜೆ, ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಮಹಾರಾಷ್ಟ್ರದ ಕಾಯ್ದೆಯಲ್ಲೇ ಇದೆ. ಅದನ್ನು ಉಪಕಾರದ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನು ಸ್ವಭಾವ. ಅದನ್ನು ತಿಳಿಯಲು ಫಾರಂ ತುಂಬಿಸಬೇಡಿ, ಬೆಳಗಿನ ರಶ್ಶಿನಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು ನೋಡಿ. ದೋಸೆ ಭಟ್ಟರು ಮಾತಾಡುವುದಿಲ್ಲ. ಸೌಟು ಇಡುವ ಜಾಗ ಒಂದೇ, ಕಾವಲಿಗೆ ನೀರು ಚಿಮುಕಿಸುವ ಲೆಕ್ಕ ಒಂದೇ. ಧಣಿ ಅಗ್ಗಕ್ಕೆ ಸಿಕ್ಕಿತೆಂದು ಹೇಳದೆ ಕೇಳದೆ ಹೊಸ ಅಕ್ಕಿ ತರಿಸುತ್ತಾರೆ. ಹಳೇ ಅಳತೆಯ ನೀರಿಗೆ ಹಿಟ್ಟು ಅಂಟಾಗುತ್ತದೆ, ದೋಸೆ ಏಳುವುದಿಲ್ಲ. ಗಲ್ಲಾದಿಂದ ಕೂಗು ಬೀಳುತ್ತದೆ, ಗಿರಾಕಿಗಳೆಲ್ಲ ತಿರುಗಿ ನೋಡುತ್ತಾರೆ. ಭಟ್ಟರು ತಲೆ ಬಗ್ಗಿಸಿ ಕಾವಲಿ ಕೆರೆಯುತ್ತಾರೆ. ತಿಂಗಳ ಕೊನೆಗೆ ಎದುರು ಹೋಟೆಲಿನಲ್ಲಿರುತ್ತಾರೆ. ಐನೂರು ಹೆಚ್ಚಿಗೆ ಸಿಕ್ಕಿತೆಂದು ಹೋದರು ಅನ್ನುತ್ತೀರಿ. ‘ಭಟ್ರೇ, ಅಕ್ಕಿ ಬದಲಾಗಿದೆ, ಒಂದು ಕಿಲೋ ನೆನೆಹಾಕಿ ನೋಡ್ತೀರಾ?’ ಎಂದು ಎರಡು ದಿನ ಮೊದಲು ಕೇಳಿದ್ದರೆ ಉಳಿಯುತ್ತಿದ್ದರು.

ಮಾತಿನ ಮಲ್ಲ ಸಪ್ಲೈಯರಿಗೆ ಫ್ಯಾಮಿಲಿ ಸೆಕ್ಷನ್ ಕೊಡಿ, ಹೊಗಳುವುದಿದ್ದರೆ ನಾಲ್ಕು ಜನರ ಎದುರೇ ಹೊಗಳಿ. ಸಪ್ಲೈಯರುಗಳನ್ನು ನೋಡಿಕೊಳ್ಳುವ ಹಟದ ಕ್ಯಾಪ್ಟನ್ನಿಗೆ ಇಡೀ ಸೆಕ್ಷನ್ ಒಪ್ಪಿಸಿ, ಸಂಜೆ ಲೆಕ್ಕ ಕೇಳಿ, ನಡುವೆ ಬೆನ್ನ ಹಿಂದೆ ನಿಲ್ಲಬೇಡಿ. ಬೈಯುವುದು ಯಾರನ್ನೇ ಆದರೂ ಶಟರ್ ಎಳೆದ ಮೇಲೆ, ಒಬ್ಬರನ್ನೇ ಕರೆದು.

ಯಾರಾದರೂ ಒಮ್ಮೆ ‘ಹೊಸಬನ ಮೊದಲ ವಾರ ಹೇಗಿರಬೇಕು?’ ಎಂದು ಕೇಳಬಾರದೇ ಅನ್ನಿಸುತ್ತದೆ. ಹೆಚ್ಚಿನವರು ಮನಸ್ಸಿನಲ್ಲಿ ಕೆಲಸ ಬಿಡುವುದು ಆಗಲೇ. ಅವನನ್ನು ಒಬ್ಬ ಹಳಬನಿಗೆ ಜೋಡಿಸಿ, ನಾಲ್ಕೇ ಟೇಬಲ್ ಕೊಡಿ. ರಾತ್ರಿ ಹತ್ತು ನಿಮಿಷ ಕೂರಿಸಿ ಕೇಳಿ: ನಿದ್ದೆ ಬಂತಾ, ಮನೆಗೆ ಫೋನ್ ಮಾಡಿದೆಯಾ, ಯಾವ ಕೆಲಸ ಕಷ್ಟವಾಯ್ತು. ಊರಿನ ಜಾತ್ರೆ, ಭೂತದ ಕೋಲ ಯಾವಾಗ ಅನ್ನುವುದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಮಂಗಳೂರಿನ ಕಡೆಗೆ ಹೋಗುವ ಮತ್ಸ್ಯಗಂಧ ರೈಲಿನ ಟಿಕೆಟ್ ತೆರೆಯುವುದು 60 ದಿನ ಮೊದಲು. ಹಬ್ಬಕ್ಕೆ ಎರಡು ದಿನ ಇರುವಾಗ ‘ಹೋಗಿ ಬಾ ಮಾರಾಯ’ ಅಂದರೆ ಅವನು ಹೋಗುವುದು ಯಾವುದರಲ್ಲಿ? ಟಿಕೆಟ್ ತೆರೆಯುವ ಮೊದಲೇ ರಜೆಯ ತಾರೀಖಿಗೆ ಗಲ್ಲಾದ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅವನೆದುರೇ ಹಾಕಿ.