ಇಷ್ಟು ಬೆಳಕು ಚೆಲ್ಲುವ ನಕ್ಷತ್ರ ಅಷ್ಟು ದೊಡ್ಡದಾಗೋದು ಹೇಗೆ?

ನಕ್ಷತ್ರಗಳ ಹುಟ್ಟಿನ ಬಗ್ಗೆ ಎಲ್ಲಿ ಮಾತಾಡಿದರೂ ಈ ಪ್ರಶ್ನೆ ಬಂದೇ ಬರುತ್ತದೆ: "ದೊಡ್ಡ ನಕ್ಷತ್ರದ ಬೆಳಕು ಸುತ್ತಲಿನ ಅನಿಲವನ್ನೇ ಆಚೆಗೆ ತಳ್ಳುತ್ತೆ ಅಂತೀರಿ. ಮತ್ತೆ ಅದು ದೊಡ್ಡದಾಗಿದ್ದಾದರೂ ಹೇಗೆ?" ಕೇಳಬೇಕಾದ ಪ್ರಶ್ನೆಯೇ ಬಿಡಿ. ಖಗೋಳ ವಿಜ್ಞಾನಿಗಳೂ ಇದಕ್ಕೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ.

ಸೂರ್ಯನಂಥ ನಕ್ಷತ್ರಕ್ಕೆ ಅವಸರವಿಲ್ಲ. ಅನಿಲ ಬಂದು ಸೇರಿ ಮುಗಿದ ಮೇಲೆ ನಿಧಾನವಾಗಿ ಕುಗ್ಗುತ್ತದೆ, ಆಮೇಲೆ ಒಡಲಲ್ಲಿ ಹೈಡ್ರೋಜನ್ ಉರಿ ಹೊತ್ತಿಕೊಳ್ಳುತ್ತದೆ. ಸೂರ್ಯನ ಹತ್ತಾರು ಪಟ್ಟು ತೂಕದ್ದು ಹಾಗಲ್ಲ. ಹೊರಗಿನಿಂದ ಅನಿಲ ಬೀಳುತ್ತಿರುವಾಗಲೇ ಒಳಗೆ ಉರಿ ಶುರು. ಆ ಬೆಳಕು ಮುಖ್ಯವಾಗಿ ಧೂಳಿನ ಕಣಗಳನ್ನು ತಳ್ಳುತ್ತದೆ. ಧೂಳು ಹೋಗುವಾಗ ಅನಿಲವನ್ನೂ ಎಳೆದುಕೊಂಡೇ ಹೋಗುತ್ತದೆ. 1974ರಲ್ಲಿ ಕಾನ್ ಎಂಬ ವಿಜ್ಞಾನಿ ಲೆಕ್ಕ ಹಾಕಿ, ಸುಮಾರು 40 ಸೂರ್ಯರ ತೂಕಕ್ಕೆ ಬೆಳವಣಿಗೆ ನಿಲ್ಲಬೇಕು ಅಂದರು. ಆದರೆ ಪಕ್ಕದ ಗೆಲಾಕ್ಸಿಯಲ್ಲಿರುವ ಆರ್136ಎ1 ನಕ್ಷತ್ರ 150 ಸೂರ್ಯರಿಗಿಂತ ಜಾಸ್ತಿ ತೂಗುತ್ತದೆ. ಅದು ಈ ಲೆಕ್ಕ ಓದಿರಲಿಲ್ಲ, ಪಾಪ!

ಅನಿಲ ಎಲ್ಲ ಕಡೆಯಿಂದಲೂ ಒಂದೇ ಸಮ ಬೀಳುತ್ತದೆ ಅನ್ನೋದು ಆ ಲೆಕ್ಕದ ಊಹೆ. ಆದರೆ ನಕ್ಷತ್ರ ಹುಟ್ಟುವ ಅನಿಲದ ಮೋಡ ನಿಜದಲ್ಲಿ ತಿರುಗುತ್ತಿರುತ್ತದೆ. ಹಾಗಾಗಿ ಅನಿಲ ನಕ್ಷತ್ರದ ಸುತ್ತ ಚಪ್ಪಟೆ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ಈ ದಪ್ಪ ತಟ್ಟೆಯನ್ನು ತೂರಿ ಹೋಗೋದು ಬೆಳಕಿಗೆ ಕಷ್ಟ. ಅದು ಮೇಲಕ್ಕೆ ಮತ್ತು ಕೆಳಕ್ಕೆ, ಸುಲಭದ ದಾರಿ ಹಿಡಿಯುತ್ತದೆ. ಅನಿಲ ಪಕ್ಕದಿಂದ ಒಳಗೆ ಬರುತ್ತಲೇ ಇರುತ್ತದೆ.

ಆ ದಾರಿ ಕೊರೆಯುವುದು ಜೆಟ್‌ಗಳು, ಅಂದರೆ ರಭಸದಿಂದ ಆಚೆ ಚಿಮ್ಮುವ ಅನಿಲದ ಧಾರೆಗಳು. ಸುಮ್ನೆ ಸುತ್ತುತ್ತಿರುವ ಅನಿಲ ನಕ್ಷತ್ರಕ್ಕೆ ಬೀಳೋದಿಲ್ಲ, ಅದರ ತಿರುಗುವ ರಭಸ ಕಳೆಯಬೇಕು. ಕಾಂತಕ್ಷೇತ್ರ ಒಂದು ಪಾಲು ಅನಿಲವನ್ನು ಎರಡೂ ಧ್ರುವಗಳ ಕಡೆಗೆ ಎಸೆಯುತ್ತದೆ, ರಭಸವೂ ಅದರ ಜೊತೆ ಹೋಗುತ್ತದೆ. ಉಳಿದದ್ದು ಒಳಗೆ ಬೀಳುತ್ತದೆ. ಜೆಟ್ ಕೊರೆದ ಟೊಳ್ಳಿನಿಂದ ಬೆಳಕೂ ಆಚೆ ಹೋಗುತ್ತದೆ, ಸೌದೆ ಒಲೆಯ ಹೊಗೆ ಬೆಳಕಿಂಡಿಯಿಂದ ಹೋದ ಹಾಗೆ. ಈ ಹೊರಹರಿವನ್ನು ಹುಟ್ಟಿನ ಕಸ ಅಂತ ಬರೆಯೋರನ್ನು ಕಂಡರೆ ನನಗೆ ರೇಗುತ್ತದೆ. ಇದಿಲ್ಲದೆ ನಕ್ಷತ್ರ ಬೆಳೆಯೋದು ಕಷ್ಟ.

ಇದೆಲ್ಲ ಬರೀ ಕಂಪ್ಯೂಟರ್ ಲೆಕ್ಕವಾ ಅಂದರೆ, ಅಲ್ಲ. ಸುಮಾರು 6,000 ಜ್ಯೋತಿರ್ವರ್ಷ ದೂರದಲ್ಲಿ ಎಸ್255ಐಆರ್ ಎನ್ನುವ ಜಾಗವಿದೆ. ಅಲ್ಲಿ ಸುಮಾರು 20 ಸೂರ್ಯರ ತೂಕದ ಎಳೆ ನಕ್ಷತ್ರವೊಂದು ಧೂಳಿನೊಳಗೆ ಹುದುಗಿದೆ. 2015ರಲ್ಲಿ ಅದರ ಸುತ್ತಲಿನ ಮೆಥನಾಲ್ ಅಣುಗಳ ರೇಡಿಯೋ ಹೊಳಪು ಇದ್ದಕ್ಕಿದ್ದಂತೆ ಏರಿತು. ಇನ್‌ಫ್ರಾರೆಡ್ ದೂರದರ್ಶಕ ತಿರುಗಿಸಿದರೆ ನಕ್ಷತ್ರವೇ ಐದು ಪಟ್ಟಿಗಿಂತ ಜಾಸ್ತಿ ಬೆಳಗುತ್ತಿತ್ತು. ತಟ್ಟೆಯಿಂದ ಒಮ್ಮೆಲೇ ಬಿದ್ದ ರಾಶಿ ಸುಮಾರು ಎರಡು ಗುರು ಗ್ರಹಗಳಷ್ಟು. ಅಂದರೆ ಅನಿಲ ಒಂದೇ ಸಮ ಸುರಿಯುವುದಿಲ್ಲ, ಮುದ್ದೆ ಮುದ್ದೆಯಾಗಿಯೂ ಬೀಳುತ್ತದೆ.

ನನಗೆ ಇಷ್ಟವಾಗಿದ್ದು ಮುಂದಿನ ಭಾಗ. 2016ರ ಜುಲೈನಲ್ಲಿ, ಹೆಚ್ಚುಕಡಿಮೆ 13 ತಿಂಗಳು ಕಳೆದ ಮೇಲೆ, ಅದೇ ನಕ್ಷತ್ರದ ಜೆಟ್ ರೇಡಿಯೋ ಅಲೆಗಳಲ್ಲಿ ಪ್ರಖರವಾಗತೊಡಗಿತು. ಒಳಗೆ ಬೀಳುತ್ತಿದ್ದುದರಲ್ಲಿ ಒಂದು ಪಾಲು ಆಚೆ ಬಂದಿತ್ತು. ನಕ್ಷತ್ರಗಳ ವಿಷಯದಲ್ಲಿ ನಾವು ಲಕ್ಷಗಟ್ಟಲೆ ವರ್ಷದ ಮಾತಾಡೋರು, ಇದು ವರ್ಷ ಚಿಲ್ಲರೆಯಲ್ಲೇ ಆಡಿ ತೋರಿಸಿಬಿಟ್ಟಿತು, ಅಲ್ವಾ?

"ಹಾಗಾದ್ರೆ ನಿಲ್ಲೋದು ಯಾವಾಗ?" ಅನ್ನೋದು ಮುಂದಿನ ಪ್ರಶ್ನೆ. ನಕ್ಷತ್ರದ ನೇರಳಾತೀತ ಕಿರಣ ಸುತ್ತಲಿನ ಅನಿಲವನ್ನು ಸುಮಾರು 10,000 ಡಿಗ್ರಿಗೆ ಕಾಯಿಸಿದಾಗ ಅದು ಉಬ್ಬಿ ಚದುರತೊಡಗುತ್ತದೆ. ತಟ್ಟೆಯೂ ಕ್ರಮೇಣ ಕರಗುತ್ತದೆ, ಅಲ್ಲಿಗೆ ಬೆಳವಣಿಗೆ ನಿಂತಿತು.