ಪದಮೂಲದ ಚೀಟಿಗಳು: ‘ಸಾಂವ್’ ಮೂರಾಯಿತು

ಪೋರ್ಚುಗೀಸ್ ಪದಗಳ ಮೂಲವನ್ನು ಪದಕ್ಕೊಂದು ಚೀಟಿಯಂತೆ ಬರೆದಿಡುವ ನನ್ನ ಕೆಲಸದಲ್ಲಿ ಈ ತಿಂಗಳೆಲ್ಲ ‘ಸಾಂವ್’ ಎಂಬ ಒಂದೇ ಪದಕ್ಕೆ ಹೋಯಿತು. ಮೂಗಿನಲ್ಲಿ ಮುಗಿಯುವ ಈ ಪುಟ್ಟ ಪದಕ್ಕೆ ‘ಆಗಿದ್ದಾರೆ’, ‘ಆರೋಗ್ಯವಂತ’, ‘ಸಂತ’ ಎಂಬ ಮೂರು ಅರ್ಥಗಳಿವೆ. ಮೈ ಶುದ್ಧವಾಗಿರುವವನು ಆರೋಗ್ಯವಂತ, ಮನಸ್ಸು ಶುದ್ಧವಾಗಿರುವವನು ಸಂತ ಎಂದು ಅರ್ಥ ಹೊಂದಿಸಿಕೊಂಡು, ಕೊನೆಯ ಎರಡನ್ನೂ ನಾನು ಒಂದೇ ಮೂಲಕ್ಕೆ ಸೇರಿಸಿ ಬರೆದಿದ್ದೆ. ಅದು ತಪ್ಪು. ಸ್ತ್ರೀಲಿಂಗ ರೂಪಗಳನ್ನು ನೋಡಿದ್ದರೆ ಆಗಲೇ ತಿಳಿಯುತ್ತಿತ್ತು: ಆರೋಗ್ಯವಂತೆ ‘ಸಾಂ’, ಸಂತಳಾದವಳು ‘ಸಾಂತ’.

ಈಗ ಮೂರು ಚೀಟಿಗಳಿವೆ. ಕ್ರಿಯಾಪದವು ಲ್ಯಾಟಿನ್ನಿನ ‘ಸುಂತ್’ನಿಂದ ಬಂದದ್ದು, ಹಳೆಯ ಪೋರ್ಚುಗೀಸಿನಲ್ಲಿ ಅದು ‘ಸೋಂ’ ಆಗಿತ್ತು. ಆರೋಗ್ಯವಂತನ ಪದ ‘ಸಾನುಸ್’ನಿಂದ ಹುಟ್ಟಿತು, ಎರಡು ಸ್ವರಗಳ ನಡುವಿನ ನಕಾರ ಬಿದ್ದುಹೋಗಿ, ಅದರ ಅನುನಾಸಿಕತೆ ಮಾತ್ರ ಹಿಂದಿನ ಸ್ವರದಲ್ಲಿ ಉಳಿಯಿತು. ಸಂತನ ಪದ ‘ಸಾಂಕ್ತುಸ್’ನಿಂದ ಬಂದ ‘ಸಾಂತು’ವಿನ ಮೊಟಕು ರೂಪ. ವ್ಯಂಜನದಿಂದ ಆರಂಭವಾಗುವ ಹೆಸರಿಗೆ ಸಾಮಾನ್ಯವಾಗಿ ಮೊಟಕು ರೂಪವೂ ಸ್ವರದಿಂದ ಆರಂಭವಾಗುವ ಹೆಸರಿಗೆ ಪೂರ್ಣ ರೂಪವೂ ಸೇರುವುದರಿಂದ ‘ಸಾಂವ್ ಪಾವ್ಲು’ ಎನ್ನುತ್ತಾರೆ, ಆದರೆ ‘ಸಾಂತು ಆಂತೋನಿಯು’ ಎನ್ನುತ್ತಾರೆ.

ಸುಮಾರು 15ನೆಯ ಶತಮಾನದ ಕೊನೆಯ ಹೊತ್ತಿಗೆ ‘ಓಂ’, ‘ಆಂ’, ‘ಆಂವ್’ ಎಂದು ಬೇರೆಬೇರೆಯಾಗಿದ್ದ ಪದಾಂತ್ಯಗಳು ‘ಆಂವ್’ ಒಂದರಲ್ಲಿಯೇ ಕೂಡಿಕೊಂಡವು. ನನಗೆ ಅತ್ಯಂತ ಪ್ರಿಯವಾದ ಸಾಕ್ಷ್ಯವೆಂದರೆ, ಏಕವಚನದಲ್ಲಿ ಅಳಿಸಿಹೋದ ಈ ಭೇದವನ್ನು ಬಹುವಚನ ಇಂದಿಗೂ ಕಾಪಾಡಿಕೊಂಡಿರುವುದು: ಕೈ ‘ಮಾಂವ್’, ಕೈಗಳು ‘ಮಾಂವ್ಸ್’, ನಾಯಿ ‘ಕಾಂವ್’, ನಾಯಿಗಳು ‘ಕಾಂಯ್ಸ್’, ಸಿಂಹ ‘ಲಿಯಾಂವ್’, ಸಿಂಹಗಳು ‘ಲಿಯೋಂಯ್ಸ್’. ನೆರೆಯ ಸ್ಪ್ಯಾನಿಷ್‌ನಲ್ಲಿ ಇಂಥ ಕೂಡಿಕೆ ನಡೆಯಲಿಲ್ಲವಾದ್ದರಿಂದ ‘ಸೋನ್’, ‘ಸಾನೊ’, ‘ಸಾನ್’ ಎಂಬ ಮೂರೂ ಅಲ್ಲಿ ಬೇರೆಬೇರೆಯಾಗಿಯೇ ಉಳಿದಿವೆ.

ಇದನ್ನು ಬರೆಯುವಾಗ ನಮ್ಮ ‘ಅರಿ’ ಮತ್ತೆ ಮತ್ತೆ ನೆನಪಾಯಿತು. ಹಳಗನ್ನಡದಲ್ಲಿ ತಿಳಿಯುವ ‘ಅಱಿ’ಗೆ ಶಕಟರೇಫವಿತ್ತು, ಅಂದರೆ ‘ಱ’ ಎಂಬ ಹಳೆಯ ರಕಾರ, ಕತ್ತರಿಸುವ ‘ಅರಿ’ಗೆ ಸಾದಾ ರಕಾರವಿತ್ತು, ಶಕಟರೇಫ ಬಳಕೆಯಿಂದ ಮರೆಯಾದ ಮೇಲೆ ಎರಡೂ ಒಂದಾಗಿ, ಶತ್ರುವೆಂಬ ಅರ್ಥದ ಸಂಸ್ಕೃತದ ‘ಅರಿ’ಯ ಪಕ್ಕದಲ್ಲಿ ನಿಂತಿವೆ.

ಮುಂದಿನ ಪದ ‘ಮಾಂಗ’. ಅಂಗಿಯ ತೋಳು ಎಂಬ ಅರ್ಥದ್ದು ಲ್ಯಾಟಿನ್ನಿನ ‘ಮಾನಿಕಾ’ದಿಂದ, ಮಾವಿನ ಹಣ್ಣು ಎಂಬ ಅರ್ಥದ್ದು ಮಲಯಾಳದ ‘ಮಾಙ್ಙ’ದಿಂದ ಬಂದಿವೆ. ಈ ಸಲ ಆರಂಭದಲ್ಲಿಯೇ ಎರಡು ಚೀಟಿ ತೆಗೆದಿಟ್ಟಿದ್ದೇನೆ.