ನೋಟ್‌ಬುಕ್‌ನ ಕೊನೇ ಪುಟ

ಸಮಾಜಶಾಸ್ತ್ರ ಓದಲು ಶುರು ಮಾಡಿದಾಗ ಎಲ್ಲವನ್ನೂ ಬಾಯಿಪಾಠ ಮಾಡಿದ್ದೆ. ಉತ್ಪಾದನೆಯ ಸಾಧನ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ವರ್ಗ ನಿಂತಿದೆ ಅಂದರು ಮಾರ್ಕ್ಸ್. ಅಂತಸ್ತನ್ನೂ ನೋಡಬೇಕು ಅಂದರು ವೇಬರ್. ಪರೀಕ್ಷೆ ಮುಗೀತು, ಅರ್ಧ ಮರೆತೂ ಹೋಯ್ತು. ಗಟ್ಟಿಯಾಗಿ ಉಳಿದದ್ದು 'ಸಾಂಸ್ಕೃತಿಕ ಬಂಡವಾಳ' ಒಂದೇ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ತರಗತಿಯಲ್ಲಿ ಅನುಮಾನ ಬಂದರೆ ಮೊದಲು ಅದನ್ನು ನೋಟ್‌ಬುಕ್‌ನ ಕೊನೇ ಪುಟದಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದೆ. ವಾಕ್ಯ ಸರಿ ಇದೆಯಾ ಅಂತ ಓದಿ, ಅಳಿಸಿ, ಮತ್ತೆ ಬರೆಯುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು. ಪಕ್ಕದವಳು ಮೇಷ್ಟ್ರ ಮಾತಿನ ನಡುವೆಯೇ "ಅದು ಹೇಗೆ ಸರ್?" ಅಂತ ಕೇಳಿಬಿಡುತ್ತಿದ್ದಳು. ಅವಳ ಅಪ್ಪ ಅಮ್ಮ ಇಬ್ಬರೂ ಅಧ್ಯಾಪಕರು. ಅವಳು ಜಾಣೆ, ನಾನು ದಡ್ಡಿ ಅಂತ ಎಷ್ಟೋ ದಿನ ನಂಬಿದ್ದೆ.

ಆಮೇಲೆ ಓದಿನಲ್ಲಿ ಸಿಕ್ಕವರು ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ (1930–2002). ಫ್ರಾನ್ಸಿನ ಹಳ್ಳಿಯೊಂದರ ಅಂಚೆ ನೌಕರನ ಮಗ. ಮಾತಿನ ಧಾಟಿ, ಪುಸ್ತಕಗಳ ಒಡನಾಟ, ದೊಡ್ಡವರ ಎದುರು ಇರುವ ಸಲಿಗೆ, ಇವೆಲ್ಲ ಮನೆಯಿಂದ ಬರುವ ಆಸ್ತಿ, ಇದೇ ಸಾಂಸ್ಕೃತಿಕ ಬಂಡವಾಳ ಅಂದರು ಅವರು. ಶಾಲೆ ಇದನ್ನು ಕಲಿಸುವುದಿಲ್ಲ, ಆದರೆ ಎಲ್ಲರ ಹತ್ತಿರವೂ ಇದೆ ಅಂದುಕೊಂಡೇ ಅಂಕ ಕೊಡುತ್ತದೆ. ಇರುವವರಿಗೆ 'ಪ್ರತಿಭಾವಂತ' ಅನ್ನುವ ಹೆಸರು. ಇಲ್ಲದವರು ತಪ್ಪು ತಮ್ಮದೇ ಅಂತ ತಲೆ ತಗ್ಗಿಸುತ್ತಾರೆ. ಇದನ್ನು ಅವರು ಸಾಂಕೇತಿಕ ಹಿಂಸೆ ಅಂತ ಕರೆದರು. ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಶಾಲೆಯಿಂದ ಏನೂ ಆಗಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1966ರಲ್ಲಿ ಅಮೆರಿಕದಲ್ಲಿ ಬಂದ ಕೋಲ್ಮನ್ ವರದಿಯನ್ನು ಇದಕ್ಕೆ ಜಾಸ್ತಿ ಎಳೆದು ತರುತ್ತಾರೆ. ಕಲಿಕೆಯ ಮೇಲೆ ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆಯ ಪ್ರಭಾವವೇ ಹೆಚ್ಚು ಅಂತ ಅದು ಹೇಳಿತು, ನಿಜ. ಆದರೆ ಶಾಲೆಯ ಗುಣಮಟ್ಟ ಹಿಂದುಳಿದ ಮಕ್ಕಳಿಗೆ ಉಳಿದವರಿಗಿಂತ ಹೆಚ್ಚು ಮುಖ್ಯ ಅಂತಲೂ ಅದರಲ್ಲೇ ಇದೆ, ಅಲ್ವಾ?

ಈಗ ನಾನೇ ಪಾಠ ಮಾಡುತ್ತೇನೆ. "ಡೌಟ್ ಇದೆಯಾ?" ಅಂದರೆ ಏಳುವುದು ಅದೇ ನಾಲ್ಕು ಕೈ. ಅದಕ್ಕೇ ಕೊನೆಯ ಐದು ನಿಮಿಷ ಎಲ್ಲರಿಗೂ ಚೀಟಿ ಕೊಡುತ್ತೇನೆ. ಹೆಸರು ಬೇಡ, ಪ್ರಶ್ನೆ ಬರೆದರೆ ಸಾಕು. ಮೊನ್ನೆ ಒಂದರಲ್ಲಿ ಹೀಗಿತ್ತು: "ಇದನ್ನು ಗುಣ ಅನ್ನದೆ ಬಂಡವಾಳ ಅಂತ ಯಾಕೆ ಕರೆದರು?"

ಎಂಥ ಪ್ರಶ್ನೆ! ಅದು ಕೂಡುತ್ತಾ ಹೋಗುತ್ತದೆ, ಮಕ್ಕಳಿಗೆ ದಾಟುತ್ತದೆ, ಪದವಿಯಾಗಿ, ಕೆಲಸವಾಗಿ, ಕೊನೆಗೆ ದುಡ್ಡಾಗಿ ಬದಲಾಗುತ್ತದೆ. ಮರುದಿನದ ತರಗತಿ ಪೂರ್ತಿ ಇದರ ಮೇಲೆಯೇ ನಡೆಯಿತು.

ಚೀಟಿ ಇನ್ನೂ ನನ್ನ ಹತ್ತಿರ ಇದೆ. ಪೆನ್ಸಿಲ್‌ನಲ್ಲಿ ಬರೆದದ್ದು. ಎರಡು ಕಡೆ ಅಳಿಸಿದ ಗುರುತಿದೆ.